ಆಕಸ್ಮಿಕ ಆಪತ್ತು ಮತ್ತು ನಮ್ಮ ಕರ್ತವ್ಯ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನ ಗಾದೆಯನ್ನು ನಮ್ಮ ಹಿರಿಯರು ಮೇಲಿಂದ ಮೇಲೆ ಹೇಳುತ್ತಿದ್ದರು. ಆಪತ್ತು ಬರುವುದಕ್ಕೆ ಮೊದಲೇ ಅದನ್ನು ಎದುರಿಸತಕ್ಕ ತಿಳಿವಳಿಕೆಯನ್ನು ಸಂಪಾದಿಸಿಕೊಂಡಿರಬೇಕೆಂಬುದು ಅದರ ಭಾವ. ಶರೀರಕ್ಕೆ ಹಠಾತ್ತನೆ ಒದಗುವ ಆಪತ್ತುಗಳ ವಿಷಯದಲ್ಲಿ ಈ ಗಾದೆಯು ಅಕ್ಷರಶಃ ಸತ್ಯವಾದುದು. ಹೊಸೂರಿನ ಬಸ್ ನಿಲ್ದಾಣದಲ್ಲಾಗಲಿ, ವಾರದ ಸಂತೆಯಲ್ಲಾಗಲಿ, ಚಂದ್ರಚೂಡೇಶ್ವರನ ತೇರಿನ ಜನಸಂದಣಿಯಲ್ಲಾಗಲಿ, ನಡೆಯುತ್ತಿದ್ದ ಮನುಷ್ಯನೊಬ್ಬನು ಕಣ್ಣೆದುರಿಗೇ ಕುಸಿದುಬಿದ್ದರೆ ನಾವು ಏನು ಮಾಡುತ್ತೇವೆ? ನೂರು ಜನ ಸೇರುತ್ತಾರೆ. ನೂರು ಮಾತು ಹುಟ್ಟುತ್ತವೆ. ಕೆಲಸಕ್ಕೆ ಬರುವ ಕೈಗಳು ಮಾತ್ರ ಎರಡೂ ಇರುವುದಿಲ್ಲ. ಆ ಎರಡು ಕೈಗಳು ಹೇಗೆ ಸಿದ್ಧವಾಗಬೇಕೆಂಬುದೇ ಈ ಪಾಠದ ವಿಷಯ.

೧. ಕಾಲದ ಬೆಲೆ

ಮಿದುಳಿಗೆ ರಕ್ತದ ಮೂಲಕ ಪ್ರಾಣವಾಯು ಎಡೆಬಿಡದೆ ಹರಿಯುತ್ತಿರಬೇಕು. ಹೃದಯವು ನಿಂತುಹೋದರೆ ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ; ನಾಲ್ಕರಿಂದ ಆರು ನಿಮಿಷಗಳಲ್ಲಿ ಮಿದುಳಿಗೆ ಹಾನಿ ತಟ್ಟತೊಡಗುತ್ತದೆ. ಯಾರೂ ಕೈಹಚ್ಚದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ಶೇಕಡ ೭ರಿಂದ ೧೦ರಷ್ಟು ಕುಗ್ಗುತ್ತ ಹೋಗುವುದೆಂದು ವೈದ್ಯಶಾಸ್ತ್ರಜ್ಞರು ಹೇಳುತ್ತಾರೆ. ಆಂಬುಲೆನ್ಸು ಎಷ್ಟೇ ವೇಗವಾಗಿ ಬಂದರೂ ತಳಿ, ಅಂಚೆಟ್ಟಿಗಳ ಕಡೆಯ ಕಾಡಂಚಿನ ಹಳ್ಳಿಯನ್ನು ಆರು ನಿಮಿಷಗಳಲ್ಲಿ ತಲಪುವುದು ಸಾಧ್ಯವೆ? ಹೀಗಿರುವಲ್ಲಿ, ಬಿದ್ದವನ ಪ್ರಾಣವು ಮೊದಲು ವೈದ್ಯನ ಕೈಯಲ್ಲಿರುವುದಿಲ್ಲ. ಪಕ್ಕದಲ್ಲಿ ನಿಂತವನ ಕೈಯಲ್ಲಿರುತ್ತದೆ.

ಇಲ್ಲಿ ಎರಡು ಮಾತುಗಳ ವ್ಯತ್ಯಾಸವನ್ನು ವಿದ್ಯಾರ್ಥಿಗಳು ತಿಳಿಯಬೇಕು. ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ತೋಟದ ಒಂದು ಕಾಲುವೆಯಲ್ಲಿ ಹೂಳು ತುಂಬಿ ನೀರು ಕಟ್ಟಿಕೊಂಡರೆ ಆ ಕಾಲುವೆಯ ಪಾತಿಗಳು ಬಾಡುತ್ತವೆ. ಪಂಪುಸೆಟ್ಟು ಮಾತ್ರ ಓಡುತ್ತಲೇ ಇರುತ್ತದೆ. ಹೃದಯಾಘಾತವೆಂದರೆ ಹೀಗೆ ಹೃದಯದ ಮಾಂಸಕ್ಕೆ ರಕ್ತವನ್ನೊಯ್ಯುವ ನಾಳವೊಂದು ಕಟ್ಟಿಕೊಳ್ಳುವುದು. ಪಂಪುಸೆಟ್ಟೇ ನಿಂತುಹೋದರೆ ಇಡೀ ತೋಟಕ್ಕೆ ನೀರಿಲ್ಲ, ಅದೇ ಹೃದಯಸ್ತಂಭನ. ಮೊದಲನೆಯದರಲ್ಲಿ ರೋಗಿಯು ಸಾಮಾನ್ಯವಾಗಿ ಮಾತನಾಡುತ್ತಾನೆ, ಬೆವರುತ್ತಾನೆ, ಎದೆ ಹಿಡಿದುಕೊಳ್ಳುತ್ತಾನೆ. ಎರಡನೆಯದರಲ್ಲಿ ಮಾತಿಲ್ಲ, ಸರಿಯಾದ ಉಸಿರೂ ಇಲ್ಲ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದಾದ್ದರಿಂದ ಎದೆಯ ನೋವನ್ನು ಎಂದಿಗೂ ಅಲಕ್ಷಿಸಲಾಗದು.

೨. ಒಂದೇ ವರ್ಷದ ಎರಡು ದೃಷ್ಟಾಂತಗಳು

೨೦೨೧ನೆಯ ಇಸವಿ ಅಕ್ಟೋಬರ್ ೨೯ನೆಯ ದಿನವನ್ನು ಕನ್ನಡಿಗರಾರೂ ಮರೆತಿರಲಾರರು. ನಮ್ಮಂತೆಯೇ ತಮಿಳುನಾಡಿನ ಗಡಿಯಲ್ಲಿರುವ ಕನ್ನಡದ ಊರಾದ ಗಾಜನೂರಿನ ಮನೆತನದವರೂ, ಡಾ. ರಾಜ್‌ಕುಮಾರ್ ಅವರ ಕಿರಿಯ ಪುತ್ರರೂ ಆದ ಪುನೀತ್ ರಾಜ್‌ಕುಮಾರ್ ಅವರು ಅಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರಿಗೆ ಆಗ ೪೬ ವರ್ಷ. ಪ್ರತಿನಿತ್ಯ ವ್ಯಾಯಾಮ ಮಾಡುತ್ತಿದ್ದ ದೃಢಕಾಯರು. ಎದೆಯಲ್ಲಿ ಅಸ್ವಸ್ಥತೆ ಕಾಣಿಸಿದೊಡನೆ ವೈದ್ಯರಲ್ಲಿಗೆ ಹೋದರು. ಅಲ್ಲಿಂದ ಆಸ್ಪತ್ರೆಯನ್ನು ಸೇರುವಷ್ಟರಲ್ಲಿ ಹೃದಯವು ಸ್ತಬ್ಧವಾಗಿತ್ತು. ವೈದ್ಯರ ಪ್ರಯತ್ನಗಳು ಫಲಿಸಲಿಲ್ಲ. ಅವರ ನೇತ್ರದಾನದಿಂದ ಬೇರೆಯವರಿಗೆ ದೃಷ್ಟಿ ದೊರೆತುದು ಆ ದುಃಖದಲ್ಲಿ ಉಳಿದ ಬೆಳಕು.

ತಡಮಾಡದೆ ವೈದ್ಯರನ್ನು ಕಂಡವರ ಗತಿಯೇ ಹೀಗಾದರೆ, ಎದೆನೋವನ್ನು 'ಗ್ಯಾಸು' ಎಂದು ಕರೆದು, ಸೋಡ ಕುಡಿದು, ಜೀರಿಗೆ ಅಗಿದು, ಬೆಳಗಾಗಲಿ ನೋಡೋಣವೆಂದು ಮಲಗುವ ನಮ್ಮ ಪಾಡೇನು? ನಡು ಎದೆಯಲ್ಲಿ ಭಾರವಿಟ್ಟಂತಾಗುವುದು, ನೋವು ಎಡತೋಳಿಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆಯ ಬೆವರು, ಏದುಸಿರು, ವಾಕರಿಕೆ ಇವು ಕಂಡರೆ ಅದು ಹೃದಯದ ಕೂಗೆಂದೇ ತಿಳಿಯತಕ್ಕದ್ದು. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ಎದೆನೋವು ಸ್ಪಷ್ಟವಾಗಿರದೆ, ಬರಿಯ ಆಯಾಸವೋ ಉಸಿರುಕಟ್ಟುವಿಕೆಯೋ ಕಾಣಬಹುದು. ಅಂಥವರನ್ನು ನಡೆಸಬಾರದು, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಬಾರದು. ಒರಗಿಸಿ ಕುಳ್ಳಿರಿಸಿ ೧೦೮ಕ್ಕೆ ಕರೆಮಾಡಬೇಕು. ತಮಿಳುನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ೨೦೨೩ರಲ್ಲಿ ಆರಂಭವಾದ 'ಇದಯಂ ಕಾಪ್ಪೋಂ' ಯೋಜನೆಯಂತೆ, ಹೃದಯಾಘಾತದ ಲಕ್ಷಣವಿರುವವರಿಗೆ ಮೊದಲ ಮಾತ್ರೆಗಳನ್ನು ಅಲ್ಲಿಯೇ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸುವ ಏರ್ಪಾಡಿದೆ. ಅದೇ ವರ್ಷ ಕರ್ನಾಟಕ ಸರ್ಕಾರವು ಪುನೀತ್ ಅವರ ಹೆಸರಿನಲ್ಲಿಯೇ 'ಹೃದಯ ಜ್ಯೋತಿ' ಯೋಜನೆಯನ್ನು ಆರಂಭಿಸಿತು. ರಕ್ತದ ಹೆಪ್ಪನ್ನು ಕರಗಿಸುವ ಬೆಲೆಯುಳ್ಳ ಚುಚ್ಚುಮದ್ದು ತಾಲೂಕು ಆಸ್ಪತ್ರೆಯಲ್ಲಿಯೇ ಉಚಿತವಾಗಿ ಸಿಗಬೇಕೆಂಬುದು ಅದರ ಗುರಿ.

ಎರಡನೆಯ ದೃಷ್ಟಾಂತವು ದೂರದೇಶದ್ದು. ಅದೇ ೨೦೨೧ನೆಯ ಜೂನ್ ೧೨ರಂದು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ, ಯುರೋಪಿನ ಫುಟ್‌ಬಾಲ್ ಪಂದ್ಯವೊಂದರ ನಡುವೆ, ೨೯ ವರ್ಷದ ಆಟಗಾರ ಕ್ರಿಸ್ಟಿಯನ್ ಎರಿಕ್‌ಸನ್ ಮೈದಾನದಲ್ಲಿಯೇ ಕುಸಿದರು. ತಂಡದ ನಾಯಕನು ಓಡಿಬಂದು ನೆರವಾದನು; ವೈದ್ಯರು ಕೂಡಲೇ ಎದೆಯನ್ನೊತ್ತತೊಡಗಿದರು; ಡಿಫಿಬ್ರಿಲೇಟರ್ ಎಂಬ ಯಂತ್ರದಿಂದ ವಿದ್ಯುತ್ತಿನ ಆಘಾತವನ್ನು ಕೊಟ್ಟರು. ಸಹ ಆಟಗಾರರು ಸುತ್ತಲೂ ನಿಂತು ಜನರ ಕಣ್ಣಿನಿಂದ ಅವರನ್ನು ಮರೆಮಾಡಿದರು. ನಿಂತ ಹೃದಯವು ಮತ್ತೆ ನಡೆಯಿತು. ಮರುವರ್ಷವೇ ಅವರು ಮರಳಿ ಆಟಕ್ಕೆ ಇಳಿದರು.

ಈ ಎರಡು ಘಟನೆಗಳ ರೋಗಕಾರಣಗಳು ಒಂದೇ ಎಂದು ನಾವು ಹೇಳುವುದಿಲ್ಲ. ಒಂದನ್ನಿಟ್ಟುಕೊಂಡು ಇನ್ನೊಂದನ್ನು ಅಳೆಯುವುದೂ ಸರಿಯಲ್ಲ. ಆದರೆ ಹೃದಯವು ನಿಂತ ಮಾತ್ರಕ್ಕೆ ಮನುಷ್ಯನು ಸತ್ತನೆಂದು ಕೈಕಟ್ಟಿ ಕೂರಬೇಕಾಗಿಲ್ಲವೆಂಬ ಒಂದು ಸತ್ಯವನ್ನು ಎರಡನೆಯ ಘಟನೆಯು ಜಗತ್ತಿನ ಕಣ್ಣೆದುರಿಗೇ ತೋರಿಸಿಕೊಟ್ಟಿತು.

೩. ಎದೆಯನ್ನೊತ್ತುವ ಕ್ರಮ

ಈ ಚಿಕಿತ್ಸೆಯ ಇತಿಹಾಸವು ಸ್ವಾರಸ್ಯವಾದುದು. ಮೊದಲು ವೈದ್ಯರು ನಿಂತ ಹೃದಯವನ್ನು ನಡೆಸಲು ಎದೆಯನ್ನು ಸೀಳಿ ಹೃದಯವನ್ನು ಕೈಯಲ್ಲಿ ಹಿಡಿದು ಹಿಸುಕುತ್ತಿದ್ದರು. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿದ್ಯಾಸಂಸ್ಥೆಯಲ್ಲಿ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ಹೊರಗಿನಿಂದ ಎದೆಯನ್ನು ಒತ್ತಿದರೂ ರಕ್ತವು ಸಂಚರಿಸುವುದೆಂಬುದನ್ನು ಕಂಡುಕೊಂಡು ೧೯೬೦ರಲ್ಲಿ ಪ್ರಕಟಿಸಿದರು. ಇವರಲ್ಲಿ ಮೊದಲನೆಯವರು ವೈದ್ಯರಲ್ಲ, ವಿದ್ಯುತ್ ಎಂಜಿನಿಯರು. ಅಂದಿನಿಂದ ಪ್ರಾಣವನ್ನುಳಿಸುವ ಈ ವಿದ್ಯೆಯು ಶಸ್ತ್ರಚಿಕಿತ್ಸಾಲಯದ ಗೋಡೆಗಳನ್ನು ದಾಟಿ ಬೀದಿಗೆ ಬಂದಿತು. ಇದನ್ನೇ ಇಂದು ಸಿ.ಪಿ.ಆರ್. ಎಂದು ಕರೆಯುತ್ತಾರೆ. ಇದರ ಕ್ರಮವು ಹೀಗೆ:

ಮೊದಲನೆಯದಾಗಿ, ಸ್ಥಳವು ಅಪಾಯರಹಿತವಾಗಿದೆಯೇ ಎಂದು ನೋಡಬೇಕು. ವಿದ್ಯುತ್ ತಂತಿ ತಗುಲಿ ಬಿದ್ದವನನ್ನು ಮುಟ್ಟುವ ಮೊದಲು ವಿದ್ಯುತ್ತನ್ನು ಕಡಿಯಬೇಕು. ಎರಡನೆಯದಾಗಿ, ಭುಜವನ್ನು ತಟ್ಟಿ ಗಟ್ಟಿಯಾಗಿ ಕೂಗಬೇಕು. ಉತ್ತರವಿಲ್ಲದೆ, ಉಸಿರೂ ಇಲ್ಲದಿದ್ದರೆ, ಇಲ್ಲವೇ ದಡದ ಮೇಲೆ ಹಾಕಿದ ಮೀನಿನಂತೆ ಆಗೊಮ್ಮೆ ಈಗೊಮ್ಮೆ ಬಾಯಿಬಿಡುತ್ತಿದ್ದರೆ, ಹೃದಯವು ನಿಂತಿದೆಯೆಂದು ತಿಳಿಯಬೇಕು. ಮೂರನೆಯದಾಗಿ, ಗುಂಪಿನತ್ತ 'ಯಾರಾದರೂ ಫೋನು ಮಾಡಿ' ಎಂದರೆ ಯಾರೂ ಮಾಡುವುದಿಲ್ಲ. ಒಬ್ಬರನ್ನು ಬೆರಳಿಟ್ಟು ತೋರಿಸಿ, 'ನೀಲಿ ಅಂಗಿಯ ಅಣ್ಣಾ, ೧೦೮ಕ್ಕೆ ಕರೆಮಾಡಿ' ಎಂದು ಒಪ್ಪಿಸಬೇಕು.

ನಾಲ್ಕನೆಯದಾಗಿ, ರೋಗಿಯನ್ನು ಗಟ್ಟಿನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯನ್ನಿಟ್ಟು, ಮೊಣಕೈ ಮಡಿಸದೆ, ಎದೆಯು ೫ರಿಂದ ೬ ಸೆಂಟಿಮೀಟರಿನಷ್ಟು ತಗ್ಗುವಂತೆ ಒತ್ತಬೇಕು. ನಿಮಿಷಕ್ಕೆ ೧೦೦ರಿಂದ ೧೨೦ ಬಾರಿ, ಅಂದರೆ ಸೆಕೆಂಡಿಗೆ ಸುಮಾರು ಎರಡು. ಪ್ರತಿ ಒತ್ತಿನ ನಂತರ ಎದೆಯು ಪೂರ್ಣವಾಗಿ ಮೇಲೇಳಲು ಬಿಡಬೇಕು. ದಣಿವಾದರೆ ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರಿಗೆ ಒಪ್ಪಿಸಬೇಕು. ಆಂಬುಲೆನ್ಸು ಬರುವವರೆಗೆ, ಇಲ್ಲವೇ ಅವನು ಕಣ್ಣು ತೆರೆಯುವವರೆಗೆ ನಿಲ್ಲಿಸಕೂಡದು. ಬಾಯಿಂದ ಬಾಯಿಗೆ ಉಸಿರು ಕೊಡುವುದನ್ನು ಕಲಿತಿಲ್ಲದವರು ಎದೆಯನ್ನೊತ್ತಿದರೂ ಸಾಕು. ಕೆರೆ ಬಾವಿಗಳಲ್ಲಿ ಮುಳುಗಿದವರಿಗೂ ಎಳೆಯ ಮಕ್ಕಳಿಗೂ ಉಸಿರು ಕೊಡುವುದು ವಿಶೇಷವಾಗಿ ಅಗತ್ಯವಾದ್ದರಿಂದ ಅದನ್ನು ಬಲ್ಲವರಿಂದ ಕೈಯಾರೆ ಕಲಿಯುವುದು ಉತ್ತಮ. 'ಪಕ್ಕೆಲುಬು ಮುರಿದೀತು' ಎಂದು ಅನೇಕರು ಅಂಜುತ್ತಾರೆ. ಮುರಿದ ಎಲುಬು ಕೂಡಿಕೊಳ್ಳುತ್ತದೆ. ಹೋದ ಪ್ರಾಣವು ಬಾರದು.

೪. ಇತರ ಆಪತ್ತುಗಳು

ಲಕ್ವ ಅಥವಾ ಪಾರ್ಶ್ವವಾಯು: ನಗಲು ಹೇಳಿದರೆ ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಎರಡು ಕೈಗಳನ್ನೂ ಎತ್ತಿದರೆ ಒಂದು ಜೋತುಬೀಳುವುದು, ಮಾತು ತೊದಲುವುದು. ಮುಖ, ಕೈ, ಮಾತು ಈ ಮೂರನ್ನು ನೆನಪಿಡಿರಿ. ಮಿದುಳಿನ ನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕು. ಆದ್ದರಿಂದ ಲಕ್ಷಣವು ಎಷ್ಟು ಗಂಟೆಗೆ ಆರಂಭವಾಯಿತೆಂಬುದನ್ನು ಬರೆದಿಟ್ಟುಕೊಂಡು ನೇರವಾಗಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ನಾಟಿ ಔಷಧದ ಊರಿಗೆ ಮೊದಲು ಹೋಗಿ ಬಂದವರು ಈ ಗಂಟೆಗಳನ್ನು ದಾರಿಯಲ್ಲಿಯೇ ಕಳೆದುಕೊಂಡಿರುತ್ತಾರೆ.

ಮೂರ್ಛೆ ಅಥವಾ ಫಿಟ್ಸು: ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದೂ, ಚಪ್ಪಲಿಯನ್ನೋ ಈರುಳ್ಳಿಯನ್ನೋ ಮೂಸಿಸುವುದೂ ನಮ್ಮ ಕಡೆಯ ವಾಡಿಕೆ. ಇದರಿಂದ ಯಾವ ಪ್ರಯೋಜನವೂ ಇಲ್ಲ. ಸೆಳೆತವು ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ನಿಂತ ಹೊತ್ತಿಗೆ ಕೈಯಲ್ಲಿದ್ದ ಕಬ್ಬಿಣಕ್ಕೆ ಕೀರ್ತಿ ಬರುತ್ತದೆ, ಅಷ್ಟೆ. ತಲೆಯ ಕೆಳಗೆ ಮೆತ್ತನೆಯ ಬಟ್ಟೆಯನ್ನಿಟ್ಟು, ಸುತ್ತಲ ಕಲ್ಲು ಬೆಂಚುಗಳನ್ನು ಸರಿಸಿ, ಪಕ್ಕಕ್ಕೆ ಹೊರಳಿಸಬೇಕು. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಲೇಬಾರದು. ಐದು ನಿಮಿಷ ಮೀರಿದರೆ ಆಸ್ಪತ್ರೆಯೇ ಗತಿ.

ಹಾವಿನ ಕಡಿತ: ಬಾಗಲೂರು, ಬೇರಿಗೆ, ಶೂಲಗಿರಿಗಳ ಹೊಲಗಳಲ್ಲಿ ದುಡಿಯುವವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಮುಖ್ಯ ಹಾವುಗಳ ವಿಷಕ್ಕೂ ಒಂದೇ ಔಷಧವು ಸರ್ಕಾರಿ ಆಸ್ಪತ್ರೆಗಳಲ್ಲಿದೆ. ಆದ್ದರಿಂದ ಹಾವನ್ನು ಕೊಂದು ತರುವ ಸಾಹಸವು ಬೇಡ. ಚೆನ್ನೈ ಸಮೀಪದಲ್ಲಿ ಇರುಳ ಜನಾಂಗದವರು ೧೯೭೮ರಲ್ಲಿ ಕಟ್ಟಿಕೊಂಡ ಸಹಕಾರ ಸಂಘವು ಹಾವುಗಳನ್ನು ಹಿಡಿದು ವಿಷವನ್ನು ತೆಗೆದು, ಈ ಔಷಧದ ತಯಾರಿಕೆಗೆ ಒದಗಿಸುತ್ತ ಬಂದಿದೆ. ಕಡಿದ ಮೇಲ್ಭಾಗದಲ್ಲಿ ಹಗ್ಗದಿಂದ ಬಿಗಿಯುವುದು, ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು ಇವು ಮೂರೂ ಹಾನಿಕರ. ಕೈಕಾಲನ್ನು ಮುರಿದ ಎಲುಬಿಗೆ ಕಟ್ಟುವಂತೆ ಅಲುಗದ ಹಾಗೆ ಕಟ್ಟಿ, ಉಂಗುರ ಬಳೆಗಳನ್ನು ತೆಗೆದು, ಧೈರ್ಯಹೇಳಿ, ನಡೆಸದೆ ಒಯ್ಯಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುವುದುಂಟು. ನೋವಾಗಲಿ ಗುರುತಾಗಲಿ ಕಾಣದೇ ಇರಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವನ ರೆಪ್ಪೆಗಳು ಜೋತುಬೀಳುತ್ತಿದ್ದರೆ ಸಂಶಯಪಡಬೇಕು.

ಗಂಟಲಲ್ಲಿ ಸಿಕ್ಕಿಕೊಳ್ಳುವುದು: ಕಡಲೆಬೀಜ, ನಾಣ್ಯ, ಕೋಡುಬಳೆಯ ತುಂಡು ಸಿಕ್ಕಿ ಮಗುವು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕೆಮ್ಮಲೂ ಆಗದೆ, ಅಳಲೂ ಆಗದೆ ನೀಲಿಗಟ್ಟಿದರೆ, ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಐದು ಗುದ್ದು. ಫಲಿಸದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಗಡೆ ಒಳಕ್ಕೂ ಮೇಲಕ್ಕೂ ಐದು ಒತ್ತು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆಯನ್ನು ಒತ್ತಬಾರದು. ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನು ತಟ್ಟಿ, ಆಮೇಲೆ ಅಂಗಾತ ಹೊರಳಿಸಿ ಎರಡು ಬೆರಳುಗಳಿಂದ ಎದೆಯ ನಡುವೆ ಒತ್ತಬೇಕು.

ಬಿಸಿಲಿನ ತಲೆಸುತ್ತು: ಪ್ರಾರ್ಥನಾ ಸಭೆಯಲ್ಲಿ ಬೆಳಗಿನ ಊಟವಿಲ್ಲದೆ ನಿಂತ ಮಕ್ಕಳು ಬೀಳುವುದನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಸುತ್ತ ಕವಿದು ಗಾಳಿಯನ್ನು ತಡೆಯದೆ, ನೆರಳಿನಲ್ಲಿ ಮಲಗಿಸಿ ಕಾಲುಗಳನ್ನು ಎತ್ತರಕ್ಕೆ ಹಿಡಿದರೆ ಬಹುಬೇಗ ಚೇತರಿಸಿಕೊಳ್ಳುತ್ತಾರೆ. ಮೈ ಕೆಂಡದಂತೆ ಸುಟ್ಟು, ಬುದ್ಧಿಭ್ರಮೆಯಾದರೆ ಅದು ಬಿಸಿಲಿನ ಹೊಡೆತ; ತಣ್ಣೀರನ್ನು ಸುರಿಯುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹುಯ್ಯುವುದು ಯಾವ ಕಾಲಕ್ಕೂ ಸಲ್ಲದು.

೫. ನೋಡುತ್ತ ನಿಂತವರು

ಬೆಂಗಳೂರಿನಿಂದ ಅತ್ತಿಬೆಲೆಯನ್ನು ದಾಟಿ ಹೊಸೂರು, ಶೂಲಗಿರಿ, ಕೃಷ್ಣಗಿರಿಗಳ ಮೂಲಕ ಸೇಲಂ ಕಡೆಗೆ ಸಾಗುವ ಹೆದ್ದಾರಿಯು, ಶ್ರೀನಗರದಿಂದ ಕನ್ಯಾಕುಮಾರಿಯವರೆಗಿನ ೪೪ನೆಯ ರಾಷ್ಟ್ರೀಯ ಹೆದ್ದಾರಿಯ ಒಂದು ಭಾಗ. ನಮ್ಮ ಮಕ್ಕಳಲ್ಲಿ ಅನೇಕರು ಇದನ್ನು ದಿನವೂ ದಾಟಿ ಶಾಲೆಗೆ ಬರುವವರು. ಆದುದರಿಂದ ಅಪಘಾತದ ವಿಷಯವನ್ನು ಬಿಡುವಂತಿಲ್ಲ.

೨೦೧೭ನೆಯ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಬೈಸಿಕಲ್ ಮೇಲೆ ಹೋಗುತ್ತಿದ್ದ ತರುಣನೊಬ್ಬನು ಬಸ್ಸಿಗೆ ಸಿಕ್ಕಿ ರಕ್ತದ ಮಡುವಿನಲ್ಲಿ ಬಿದ್ದನು. ಅವನು ಬಹಳ ಹೊತ್ತು ಸಹಾಯಕ್ಕಾಗಿ ಅಂಗಲಾಚುತ್ತಿದ್ದರೂ ಸುತ್ತ ನೆರೆದವರಲ್ಲಿ ಕೆಲವರು ಫೋನಿನಲ್ಲಿ ಚಿತ್ರವನ್ನು ತೆಗೆಯುತ್ತಿದ್ದರೆಂದು ಪತ್ರಿಕೆಗಳೆಲ್ಲ ವರದಿಮಾಡಿದವು. ಅವನು ಉಳಿಯಲಿಲ್ಲ. ಆ ಗುಂಪಿನವರು ಕಟುಕರಾಗಿದ್ದರೆಂದು ನಮಗೆ ತೋರುವುದಿಲ್ಲ. ಹೆಚ್ಚಿನವರು ನಮ್ಮ ನಿಮ್ಮಂಥವರೇ. ಏನು ಮಾಡಬೇಕೆಂಬುದು ತಿಳಿಯದು. ಮಾಡಿದರೆ ಪೊಲೀಸ್ ಠಾಣೆ, ಕೋರ್ಟುಗಳಿಗೆ ಅಲೆಯಬೇಕಾದೀತೆಂಬ ಭಯ. ಇನ್ನೊಬ್ಬರು ಮಾಡಿಯಾರೆಂಬ ನೆಚ್ಚಿಕೆ. ಈ ಮೂರೂ ಸೇರಿ ಒಳ್ಳೆಯವರನ್ನೂ ಕಲ್ಲಿನ ಕಂಬಗಳನ್ನಾಗಿ ನಿಲ್ಲಿಸುತ್ತವೆ.

ಈ ಭಯಕ್ಕೆ ಈಗ ಆಧಾರವಿಲ್ಲ. ಅಪಘಾತಕ್ಕೊಳಗಾದವನಿಗೆ ಮೊದಲು ಚಿಕಿತ್ಸೆ, ಆಮೇಲೆ ಪೊಲೀಸ್ ವಿಧಿಗಳೆಂದು ಸರ್ವೋಚ್ಚ ನ್ಯಾಯಾಲಯವು ೧೯೮೯ರಲ್ಲಿಯೇ ತೀರ್ಪಿತ್ತಿತು. ೨೦೧೬ರ ಮಾರ್ಚಿಯಲ್ಲಿ ಸಹಾಯ ಮಾಡುವವರ ರಕ್ಷಣೆಯ ನಿಯಮಗಳಿಗೆ ಅದೇ ನ್ಯಾಯಾಲಯವು ಬಲವನ್ನಿತ್ತಿತು. ೨೦೧೯ರಲ್ಲಿ ಮೋಟಾರು ವಾಹನ ಕಾಯಿದೆಗೆ ೧೩೪ಎ ಎಂಬ ಪ್ರಕರಣವೇ ಸೇರಿತು. ಅದರಂತೆ, ಸದ್ಭಾವದಿಂದ ಗಾಯಾಳುವಿಗೆ ನೆರವಾದವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ; ಹೆಸರು ವಿಳಾಸಗಳನ್ನು ಕೊಡೆಂದು ಒತ್ತಾಯಿಸುವಂತಿಲ್ಲ. ಹಣವಿಲ್ಲವೆಂಬ ಅಳುಕೂ ಬೇಡ. ತಮಿಳುನಾಡು ಸರ್ಕಾರವು ೨೦೨೧ರ ಡಿಸೆಂಬರಿನಲ್ಲಿ ಆರಂಭಿಸಿದ 'ಇನ್ನುಯಿರ್ ಕಾಪ್ಪೋಂ' ಯೋಜನೆಯಂತೆ, ಈ ರಾಜ್ಯದ ಎಲ್ಲೆಯೊಳಗೆ ರಸ್ತೆ ಅಪಘಾತಕ್ಕೆ ಸಿಕ್ಕಿದವನು ಯಾವ ರಾಜ್ಯದವನೇ ಆಗಲಿ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮೊದಲ ೪೮ ಗಂಟೆಗಳ ಚಿಕಿತ್ಸೆಯು ಉಚಿತ.

ಗಾಯಾಳುವಿನ ರಕ್ತವು ಹರಿಯುತ್ತಿದ್ದರೆ ಶುದ್ಧವಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು ಬಲವಾಗಿ ಒತ್ತಿಹಿಡಿಯಬೇಕು. ಬಟ್ಟೆಯು ನೆನೆದರೆ ಅದನ್ನು ಕೀಳದೆ ಮೇಲೊಂದನ್ನು ಇಡಬೇಕು. ಕಾಫಿಪುಡಿ, ಅರಿಸಿನ, ಮಣ್ಣುಗಳನ್ನು ಮೆತ್ತಬಾರದು. ಕತ್ತಿಗೋ ಬೆನ್ನಿಗೋ ಪೆಟ್ಟಾಗಿದ್ದಂತೆ ಕಂಡರೆ, ಬೆಂಕಿಯ ಅಥವಾ ವಾಹನದ ಅಪಾಯವಿಲ್ಲದ ಹೊರತು, ಅವನನ್ನು ಎಳೆದಾಡದೆ ಆಂಬುಲೆನ್ಸಿಗಾಗಿ ಕಾಯುವುದು ಲೇಸು.

೬. ಗಡಿನಾಡಿನ ಮಕ್ಕಳಿಗೆ ಒಂದು ವಿಶೇಷ ಮಾತು

ನಾವು ಮನೆಯಲ್ಲಿ ಕನ್ನಡ ಅಥವಾ ತೆಲುಗು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಹೀಗೆ ಬಾಳುವ ಜನ. ಆಪತ್ಕಾಲದಲ್ಲಿ ಭಾಷೆಯು ಅಡ್ಡಗೋಡೆಯಾಗದಿರಲಿ. ೧೦೮ಕ್ಕೆ ಕರೆಮಾಡಿದಾಗ ಗಡಿಯ ಹಳ್ಳಿಗಳಲ್ಲಿ ಫೋನು ಪಕ್ಕದ ರಾಜ್ಯದ ಗೋಪುರವನ್ನು ಹಿಡಿದಿರಬಹುದು; ಆದ್ದರಿಂದ ಮೊದಲಿಗೇ ರಾಜ್ಯ, ಜಿಲ್ಲೆ, ತಾಲೂಕು, ಊರು, ಹತ್ತಿರದ ಗುರುತು ಇವುಗಳನ್ನು ಕ್ರಮವಾಗಿ ಹೇಳಬೇಕು. ಆ ಕಡೆಯವರು ಇಡುವವರೆಗೆ ನಾವು ಫೋನನ್ನು ಇಡಬಾರದು. ಕೆಲವು ತಮಿಳು ಮಾತುಗಳನ್ನು ಎಲ್ಲ ಮಕ್ಕಳೂ ಕಂಠಪಾಠ ಮಾಡಿರಲಿ: ಅಪಘಾತಕ್ಕೆ 'ವಿಬತ್ತು', ಎದೆನೋವಿಗೆ 'ನೆಂಜು ವಲಿ', ಹಾವಿನ ಕಡಿತಕ್ಕೆ 'ಪಾಂಬು ಕಡಿ', ಎಚ್ಚರ ತಪ್ಪಿದ್ದಕ್ಕೆ 'ಮಯಕ್ಕಂ'. ಅಜ್ಜಿಯ ಪ್ರಾಣವು ಈ ನಾಲ್ಕು ಮಾತುಗಳ ಮೇಲೆ ನಿಲ್ಲುವ ಗಳಿಗೆಯು ಬರಬಹುದು.

ಹೊಸೂರಿನಲ್ಲಿ ಸರ್ಕಾರಿ ಆಸ್ಪತ್ರೆಯಿದೆ. ಕೃಷ್ಣಗಿರಿಯಲ್ಲಿ ೨೦೨೨ರ ಜನವರಿ ೧೨ರಂದು ಸರ್ಕಾರಿ ವೈದ್ಯಕೀಯ ಕಾಲೇಜು ಉದ್ಘಾಟನೆಗೊಂಡಿದೆ. ತಮ್ಮ ಊರಿನಿಂದ ಹತ್ತಿರದ ಆರೋಗ್ಯ ಕೇಂದ್ರ ಯಾವುದು, ರಾತ್ರಿ ತೆರೆದಿರುವುದು ಯಾವುದು, ಊರಿನಲ್ಲಿ ವಾಹನವುಳ್ಳವರು ಯಾರು ಎಂಬುದನ್ನು ಪ್ರತಿಯೊಬ್ಬ ಪೋಷಕರೂ ಇಂದೇ ವಿಚಾರಿಸಿಟ್ಟುಕೊಳ್ಳುವುದು ಅವಶ್ಯ.

ಅಭ್ಯಾಸ

೧. ಹೃದಯಾಘಾತಕ್ಕೂ ಹೃದಯಸ್ತಂಭನಕ್ಕೂ ಇರುವ ಭೇದವನ್ನು ನಿಮ್ಮ ಮನೆಯವರಿಗೆ ತಿಳಿಯುವಂತೆ ವಿವರಿಸಿರಿ.

೨. ಒಂದು ದಿಂಬನ್ನು ಗಟ್ಟಿನೆಲದ ಮೇಲಿಟ್ಟು, ಗಡಿಯಾರವನ್ನು ನೋಡುತ್ತ ಒಂದು ನಿಮಿಷಕ್ಕೆ ೧೧೦ ಬಾರಿ ಒತ್ತಿ ಅಭ್ಯಾಸ ಮಾಡಿರಿ. ಆರೋಗ್ಯವಂತನಾದ ಮನುಷ್ಯನ ಎದೆಯ ಮೇಲೆ ಎಂದಿಗೂ ಅಭ್ಯಾಸ ಮಾಡಬಾರದು.

೩. ನಿಮ್ಮ ಮನೆಗೆ ಆಂಬುಲೆನ್ಸು ಬರಬೇಕಾದ ದಾರಿಯನ್ನು ಐದು ವಾಕ್ಯಗಳಲ್ಲಿ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಹೇಳಲು ಕಲಿಯಿರಿ.

೪. ಮನೆಯ ಹಿರಿಯರು ಸೇವಿಸುವ ಔಷಧಿಗಳ ಹೆಸರು, ಅವರ ಕಾಯಿಲೆ, ಹತ್ತಿರದ ಆಸ್ಪತ್ರೆಯ ದೂರವಾಣಿ ಸಂಖ್ಯೆ ಇವನ್ನು ದಪ್ಪ ಅಕ್ಷರಗಳಲ್ಲಿ ಬರೆದು, ಅಡಿಗೆಮನೆಯ ಬಾಗಿಲಿನ ಒಳಬದಿಗೆ ಅಂಟಿಸಿ, ನಿಮ್ಮ ತರಗತಿಯ ಉಪಾಧ್ಯಾಯರಿಗೆ ತಿಳಿಸಿರಿ.